ಮುತ್ತು ಮಾಡುತ್ತೆ ಅಂತ ಹೆಸರು ಪಡೆದ ಹುಳು

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರು.

ಕೆಲವು ತಿಂಗಳ ಹಿಂದೆ ಆಭರಣಗಳ ಇತಿಹಾಸದ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ, ನೆನಪಿರಬಹುದು. ಅದರಲ್ಲಿ ನಮ್ಮಜ್ಜಿಯ ಮುತ್ತಿನ ಓಲೆಯ ಕತೆ ಹೇಳ್ತಾ, "ಸ್ವಾತಿ ಮಳೆ ಹನಿ ಚಿಪ್ಪಿಗೆ ಬಿದ್ರೆ ಮುತ್ತಾಗುತ್ತೆ ಅಂತ ಅಜ್ಜಿ ನಂಬಿದ್ರು, ಆದ್ರೆ ನಿಜ ಏನಂದ್ರೆ ಮರಳಿನ ಕಣ ಒಳಗೆ ಹೋಗಿ ಮುತ್ತಾಗೋದು" ಅಂತ ಬಹಳ ಜಾಣನ ಹಾಗೆ ಹೇಳಿಬಿಟ್ಟೆ. ಮಾರನೇ ದಿನ ಮಂಗಳೂರು ಕಡೆಯ ಕೇಳುಗರೊಬ್ಬರಿಂದ ಒಂದು ವಾಯ್ಸ್ ನೋಟ್ ಬಂತು. "ಅಣ್ಣಾ, ಅಜ್ಜಿದೂ ತಪ್ಪು, ನಿಮ್ದೂ ತಪ್ಪು. ಮರಳಲ್ಲೇ ಬದುಕೋ ಪ್ರಾಣಿಗೆ ಮರಳನ್ನ ಹೊರಗೆ ಹಾಕೋಕೆ ಬರಲ್ವಾ?"

ನಾನು ಬಿ.ಕಾಂ. ಓದಿದವನು. ಪಿಯುಸಿಯಲ್ಲೂ ಜೀವಶಾಸ್ತ್ರ ಇರಲಿಲ್ಲ. ಹಾಗಾಗಿ ಸುಮ್ಮನೆ ಕೂತು ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಂದು ಹುಳು ಸಿಕ್ತು. ಲಾಡಿಹುಳು. ಸಮುದ್ರದ ತೊರಕೆ ಮೀನಿನ ಕರುಳಿನಲ್ಲಿ ಇರುವಂಥದ್ದು. ಆ ಹುಳುವಿಗೆ ಸುಮಾರು 120 ವರ್ಷದ ಹಿಂದೆ ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥ "ಮುತ್ತು ತಯಾರಕ". "ಆಹಾ, ಮುತ್ತು ಅಂದ್ರೆ ಹುಳುವಿನ ಗೋರಿ!" ಅಂತ ಬರೆದು, ಹೊಸ ಸ್ಕ್ರಿಪ್ಟ್ ಅರ್ಧ ಮುಗಿಸಿದ್ದೆ. ರೆಕಾರ್ಡ್ ಮಾಡೋ ಮುಂಚೆ ಇನ್ನೊಂದು ಸಲ ನೋಡೋಣ ಅಂತ ಮುಂದೆ ಓದಿದೆ. ಅಲ್ಲಿ ಮತ್ತೆ ಜಾರಿದೆ. ಯಾಕಂದ್ರೆ ಅದೂ ಪೂರ್ತಿ ನಿಜ ಅಲ್ಲ. ಒಂದೇ ವಿಷಯದಲ್ಲಿ ಎರಡನೇ ಸಲ ತಪ್ಪು ಹೇಳೋದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ.

ಇವತ್ತು ಆ ಹುಳುವಿನ ಕತೆ. ಒಂದು ಹೊಸ ಪ್ರಭೇದಕ್ಕೆ ಹೆಸರಿಡೋದು ಅಂದ್ರೆ ಏನು, ಆ ಹೆಸರಿನೊಳಗೆ ನಾವು ಏನೇನು ತುಂಬಿಬಿಡ್ತೀವಿ ಅನ್ನೋ ಕತೆ.

ಕತೆ ನಡೆಯೋದು ಮನ್ನಾರ್ ಕೊಲ್ಲಿಯಲ್ಲಿ. ಈ ಕಡೆ ತಮಿಳುನಾಡಿನ ತೂತುಕುಡಿ, ಆ ಕಡೆ ಶ್ರೀಲಂಕಾದ ವಾಯವ್ಯ ತೀರ. ಆಗ ಅದಕ್ಕೆ ಸಿಲೋನ್ ಅಂತ ಹೆಸರು, ಬ್ರಿಟಿಷರ ಆಳ್ವಿಕೆ. ಸಾವಿರಾರು ವರ್ಷಗಳಿಂದ ಇಲ್ಲಿ ಜನ ಮುಳುಗಿ ಮುತ್ತಿನ ಚಿಪ್ಪು ತೆಗೀತಿದ್ರು. ರೋಮ್‌ವರೆಗೂ ಹೋಗ್ತಿದ್ದ ಮುತ್ತು ಇಲ್ಲಿಯದು.

ಈ ವ್ಯಾಪಾರ ಹೇಗೆ ನಡೀತಿತ್ತು ಅಂತ ಕೇಳಿ, ನನ್ನಂಥ ಕಾಮರ್ಸ್ ಹುಡುಗರಿಗೆ ಹಬ್ಬ. ಚಿಪ್ಪು ಸಾಕಷ್ಟು ಬೆಳೆದಿದೆ ಅನ್ನಿಸಿದ ವರ್ಷ ಸರ್ಕಾರ ಮೊದಲು ಒಂದಿಷ್ಟು ಸ್ಯಾಂಪಲ್ ತೆಗೆಸಿ, ಅದರಲ್ಲಿನ ಮುತ್ತಿಗೆ ಬೆಲೆ ಕಟ್ಟಿಸೋದು. ಲೆಕ್ಕ ಕೂಡಿಬಂದ್ರೆ ಬೇಸಿಗೆಯ ಆರಂಭದಲ್ಲಿ ಕಡಲತೀರದ ಬಯಲಿನಲ್ಲಿ ರಾತ್ರೋರಾತ್ರಿ ಒಂದು ಊರೇ ಎದ್ದು ನಿಲ್ಲೋದು. ತಮಿಳರು, ಮುಸ್ಲಿಮರು, ಅರಬ್ಬರು, ಮುಳುಗುಗಾರರು, ವ್ಯಾಪಾರಿಗಳು, ಬಡ್ಡಿ ವ್ಯವಹಾರದವರು, ಹೀಗೆ ಸಾವಿರ ಸಾವಿರ ಜನ. ಮುಳುಗಿದವರು ತಂದ ಚಿಪ್ಪನ್ನ ಮೂರು ಗುಡ್ಡೆ ಮಾಡಬೇಕು. ಎರಡು ಸರ್ಕಾರಕ್ಕೆ, ಒಂದು ಮುಳುಗಿದವರಿಗೆ. ಸರ್ಕಾರದ ಪಾಲು ಅದೇ ಸಂಜೆ ಹರಾಜು, ಸಾವಿರ ಚಿಪ್ಪಿಗೆ ಇಷ್ಟು ಅಂತ. ಒಳಗೆ ಮುತ್ತು ಇದೆಯೋ ಇಲ್ಲವೋ, ಕೂಗಿದವರಿಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ. ಕೊಂಡ ಚಿಪ್ಪನ್ನ ಬಿಸಿಲಲ್ಲಿ ಕೊಳೆಯೋಕೆ ಬಿಡೋದು. ನೊಣ ಮುತ್ತಿ, ಹುಳ ಬಿದ್ದು ಮಾಂಸ ಕರಗಿದ ಮೇಲೆ ತೊಳೆದು ಮುತ್ತು ಹುಡುಕೋದು. ವರ್ಜೀನಿಯಾ ವುಲ್ಫ್ ಗೊತ್ತಲ್ಲ, ಆ ಲೇಖಕಿಯ ಗಂಡ ಲೆನಾರ್ಡ್ ವುಲ್ಫ್ ಮದುವೆಗೆ ಮುಂಚೆ ಸಿಲೋನ್‌ನಲ್ಲಿ ಸರ್ಕಾರಿ ಅಧಿಕಾರಿ ಆಗಿದ್ರು. 1906ರಲ್ಲಿ ಮರಿಚ್ಚುಕ್ಕಟ್ಟಿ ಅನ್ನೋ ಜಾಗದ ಶಿಬಿರದಲ್ಲಿ ಡ್ಯೂಟಿ ಮಾಡಿದ್ರು. ಆ ನೊಣ, ಆ ನಾತದ ಬಗ್ಗೆ ಆಮೇಲೆ ಬರೆದೂ ಇದ್ದಾರೆ.

ಇನ್ನೊಂದು ಸ್ವಾರಸ್ಯ. ಮುಳುಗುವವರಿಗೆ ಶಾರ್ಕ್ ಭಯ. ಅದಕ್ಕೆ "ಕಡಲ್ ಕಟ್ಟಿ" ಅಂತ ಮಂತ್ರಗಾರರು ಇರ್ತಿದ್ರು. ಕಡಲನ್ನ ಕಟ್ಟಿಹಾಕುವವನು ಅಂತ ಅರ್ಥ. ಮಂತ್ರ ಹಾಕಿ ದೊಡ್ಡ ಮೀನುಗಳ ಬಾಯಿ ಕಟ್ಟಿದ ಹೊರತು ಜನ ನೀರಿಗೆ ಇಳೀತಿರಲಿಲ್ಲ. ಹಾಗಾಗಿ ಬ್ರಿಟಿಷ್ ಸರ್ಕಾರವೇ ಅವರಿಗೆ ದುಡ್ಡು ಕೊಟ್ಟು ಇಟ್ಟುಕೊಂಡಿತ್ತು! ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಈ ವ್ಯಾಪಾರದ ದೊಡ್ಡ ತಲೆನೋವು ಏನಂದ್ರೆ, ಚಿಪ್ಪು ಹೇಳದೇ ಕೇಳದೇ ಮಾಯವಾಗೋದು. 1891ರಲ್ಲಿ ಒಳ್ಳೆ ಸೀಸನ್. ಆಮೇಲೆ 1902ರವರೆಗೆ ಏನೂ ಇಲ್ಲ. ಹನ್ನೊಂದು ವರ್ಷ ಸರ್ಕಾರದ ಆ ಖಾತೆಯಲ್ಲಿ ಸೊನ್ನೆ. ಕೊನೆಗೆ ಒಬ್ಬ ವಿಜ್ಞಾನಿಯನ್ನ ಕರೆಸೋಣ ಅಂತ ತೀರ್ಮಾನ ಆಯ್ತು. 1902ರ ಆರಂಭದಲ್ಲಿ ಲಿವರ್‌ಪೂಲ್‌ನ ಪ್ರೊಫೆಸರ್ ವಿಲಿಯಂ ಹರ್ಡ್‌ಮನ್ ಬಂದ್ರು, ಜೊತೆಗೆ ಸಹಾಯಕರಾಗಿ ಜೇಮ್ಸ್ ಹಾರ್ನೆಲ್. ಹರ್ಡ್‌ಮನ್ ಕೆಲವೇ ತಿಂಗಳಲ್ಲಿ ವಾಪಸ್ ಹೋದ್ರು, ಹಾರ್ನೆಲ್ ಇಲ್ಲೇ ಉಳಿದು ಕೆಲಸ ಮುಂದುವರಿಸಿದ್ರು. ಇದೇ ಹಾರ್ನೆಲ್ ಮುಂದೆ ಮದ್ರಾಸ್ ಪ್ರೆಸಿಡೆನ್ಸಿಯ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾದ್ರು. ಆಗ ನಮ್ಮ ಮಂಗಳೂರು, ಉಡುಪಿ ಕಡೆಯೂ ಅದೇ ಪ್ರೆಸಿಡೆನ್ಸಿಯಲ್ಲಿತ್ತು.

ಇವರು ಚಿಪ್ಪನ್ನ ಕೊಯ್ದು ನೋಡಿದಾಗ ಮೃದು ಮಾಂಸದ ಒಳಗೆ ಪುಟ್ಟ ಪುಟ್ಟ ಉಂಡೆಗಳು ಕಂಡವು. ಪ್ರತಿ ಉಂಡೆಯೊಳಗೂ ಒಂದು ಮರಿಹುಳು. ಲಾಡಿಹುಳುವಿನ ಮರಿ. ಇದು ಪೂರ್ತಿ ಹೊಸ ವಿಷಯ ಆಗಿರಲಿಲ್ಲ. 1850ರ ದಶಕದ ಕೊನೆಯಲ್ಲೇ ಕೆಲಾರ್ಟ್ ಅನ್ನೋ ಸಿಲೋನ್‌ನಲ್ಲೇ ಹುಟ್ಟಿದ ಡಾಕ್ಟರ್ ಈ ಚಿಪ್ಪುಗಳಲ್ಲಿ ಹುಳು ನೋಡಿ, ಮುತ್ತಿಗೂ ಇದಕ್ಕೂ ಸಂಬಂಧ ಇದೆ ಅಂದಿದ್ರು. ಬೇಕಂತಲೇ ಹುಳು ಹತ್ತಿಸಿ ಮುತ್ತು ಹೆಚ್ಚು ಮಾಡಬಹುದೇನೋ ಅಂತಲೂ ಯೋಚಿಸಿದ್ರು. ಅದಕ್ಕೂ ಮುಂಚೆ, 1852ರಲ್ಲಿ, ಇಟಲಿಯ ಫಿಲಿಪ್ಪಿ ಅನ್ನೋರು ಸಿಹಿನೀರಿನ ಚಿಪ್ಪುಗಳಲ್ಲಿ ಬೇರೊಂದು ಜಾತಿಯ ಹುಳುವಿನ ಸುತ್ತ ಮುತ್ತು ಬೆಳೆದದ್ದನ್ನ ತೋರಿಸಿದ್ರು. ಹಾಗಾಗಿ ಹರ್ಡ್‌ಮನ್ ಸಿದ್ಧಾಂತ ಸಲೀಸಾಗಿ ಕೂತಿತು. ಚಿಪ್ಪಿನೊಳಗೆ ಮರಿಹುಳು ಸಾಯುತ್ತೆ, ಅದರ ಸುತ್ತ ಚಿಪ್ಪು ಹೊಳಪಿನ ಪದರ ಸುತ್ತುತ್ತೆ, ಅದೇ ಉತ್ತಮ ದರ್ಜೆಯ ಮುತ್ತು. ಎಲ್ಲಾ ಮುತ್ತೂ ಹೀಗೇ ಅಂತ ಅವರು ಹೇಳಲಿಲ್ಲ, ಅದನ್ನ ಒಪ್ಪಿಕೊಳ್ಳಬೇಕು. ಆದ್ರೆ ಅತಿ ಬೆಲೆಬಾಳುವವು ಹೀಗೆ ಅಂದ್ರು.

ಹಾಗಾದ್ರೆ ಈ ಮರಿ ಬೆಳೆದು ದೊಡ್ಡದಾಗೋದು ಎಲ್ಲಿ? ಲಾಡಿಹುಳುವಿನ ಬದುಕು ಅಂದ್ರೆ ಬಸ್ ಬದಲಾಯಿಸುತ್ತಾ ಊರು ಸೇರೋ ಪ್ರಯಾಣ. ಮರಿ ಒಂದು ಪ್ರಾಣಿಯಲ್ಲಿ ಇರುತ್ತೆ. ಅದನ್ನ ಇನ್ನೊಂದು ಪ್ರಾಣಿ ತಿಂದಾಗ ಮುಂದಕ್ಕೆ ಹೋಗುತ್ತೆ. ಕೊನೆಯ ನಿಲ್ದಾಣದಲ್ಲಿ ಮಾತ್ರ ಪೂರ್ತಿ ಬೆಳೆದು ಮೊಟ್ಟೆ ಇಡುತ್ತೆ. ಮುತ್ತಿನ ಚಿಪ್ಪನ್ನ ಒಡೆದು ತಿನ್ನೋ ಗಟ್ಟಿ ಹಲ್ಲಿನ ಮೀನುಗಳಿವೆ. ನಮ್ಮ ಕರಾವಳಿಯಲ್ಲಿ "ಕಾರ್ಗಿಲ್ ಮೀನು" ಅಂತೀವಲ್ಲ, ಆ ಬಳಗದವು. ಅವನ್ನ ತಿನ್ನೋದು ದೊಡ್ಡ ತೊರಕೆ. ಚಿಪ್ಪು, ಮೀನು, ತೊರಕೆ. ಇದು ಹುಳುವಿನ ದಾರಿ ಅಂತ ಅವರ ಊಹೆ.

ಇಲ್ಲಿ ಬರುತ್ತೆ ಹೊಸ ಪ್ರಭೇದಕ್ಕೆ ಹೆಸರಿಡೋ ಕೆಲಸ. ಅದು ಹೇಗೆ ನಡೆಯುತ್ತೆ ಗೊತ್ತಾ? ತೊರಕೆಯ ಕರುಳಿನ ಒಳಗೆ ಸುರುಳಿ ಮೆಟ್ಟಿಲಿನಂಥ ರಚನೆ ಇರುತ್ತೆ. ಅದನ್ನ ಸೀಳಿ, ಮೆಟ್ಟಿಲು ಮೆಟ್ಟಿಲಾಗಿ ತೊಳೆದು ಹುಳು ಆರಿಸಬೇಕು. ಕೆಲವು ಕೆಲವೇ ಮಿಲಿಮೀಟರ್ ಉದ್ದ. ಅವನ್ನ ಸ್ಪಿರಿಟ್‌ನಲ್ಲಿ ಕೆಡದ ಹಾಗೆ ಇಟ್ಟು, ಕೆಂಪು ಬಣ್ಣ ಹಚ್ಚಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ತಲೆ ಹೇಗಿದೆ? ಅಂಟಿಕೊಳ್ಳೋ ಬಟ್ಟಲುಗಳು ಎಷ್ಟು? ಒಂದು ಗುಂಪಿಗಂತೂ ತಲೆಯಿಂದ ಹೊರಬರೋ ನಾಲ್ಕು ಬಳ್ಳಿಗಳಿರುತ್ತವೆ. ಒಳಗೆ ಎಳೆದುಕೊಂಡ ಅಂಗಿ ತೋಳನ್ನ ಹೊರಗೆ ತಿರುವಿದ ಹಾಗೆ ಚಾಚುತ್ತವೆ. ಅದರ ತುಂಬಾ ಸಾಲು ಸಾಲು ಕೊಕ್ಕೆ. ಆ ಕೊಕ್ಕೆಗಳ ಸಾಲನ್ನ ಎಣಿಸಿ, ಅಳೆದು, ಚಿತ್ರ ಬಿಡಿಸಿ, ಇದುವರೆಗೆ ಯಾರೂ ಹೇಳದ ಹುಳು ಇದು ಅಂತ ಖಚಿತ ಆದ್ರೆ ಎರಡು ಪದದ ಹೆಸರು. ಮೊದಲನೆಯದು ಮನೆತನದ ಹೆಸರಿನ ಹಾಗೆ, ಎರಡನೆಯದು ಇದಕ್ಕೆ ಮಾತ್ರ ಸೇರಿದ್ದು. ಹೆಸರಿನ ಪಕ್ಕ ಇಟ್ಟವರ ಹೆಸರು ಮತ್ತು ಇಸವಿ ಶಾಶ್ವತವಾಗಿ ಅಂಟಿಕೊಳ್ಳುತ್ತೆ.

1904ರಲ್ಲಿ ಕೇಂಬ್ರಿಡ್ಜ್‌ನ ಆರ್ಥರ್ ಶಿಪ್ಲಿ ಮತ್ತು ಹಾರ್ನೆಲ್ ಸೇರಿ ಇಟ್ಟ ಹೆಸರು "ಟೆಟ್ರಾರಿಂಕಸ್ ಯೂನಿಯೋನಿಫ್ಯಾಕ್ಟರ್". ಮೊದಲ ಪದ ನಾಲ್ಕು ಸೊಂಡಿಲುಗಳ ಲೆಕ್ಕ. ಎರಡನೆಯದು ಲ್ಯಾಟಿನ್. "ಯೂನಿಯೋ" ಅಂದ್ರೆ ದೊಡ್ಡ ಒಂಟಿ ಮುತ್ತು, "ಫ್ಯಾಕ್ಟರ್" ಅಂದ್ರೆ ಮಾಡುವವನು. ಮುತ್ತು ತಯಾರಕ.

ಗಮನಿಸಿ. ಮೊದಲ ಪದ ಕಣ್ಣಿಗೆ ಕಂಡಿದ್ದನ್ನ ಹೇಳುತ್ತೆ. ಎರಡನೆಯದು ಒಂದು ಊಹೆಯನ್ನ ಹೇಳುತ್ತೆ. ಎರಡೂ ಒಂದೇ ಹೆಸರಿನಲ್ಲಿ ಪಕ್ಕಪಕ್ಕ ಕೂತಿವೆ. ಓದುವವನಿಗೆ ಎರಡೂ ಒಂದೇ ತೂಕದ್ದು ಅನ್ನಿಸುತ್ತೆ.

ಕಡಲ್ ಕಟ್ಟಿ ನೆನಪಿದ್ದಾರಾ? ಅವರ ಮಂತ್ರ ದೊಡ್ಡ ಮೀನುಗಳನ್ನ ದೂರ ಇಡೋಕೆ. ಈ ಹೊಸ ಸಿದ್ಧಾಂತದ ಲೆಕ್ಕದಲ್ಲಿ ದೊಡ್ಡ ಮೀನು ಇಲ್ಲದಿದ್ರೆ ಹುಳು ಇಲ್ಲ, ಹುಳು ಇಲ್ಲದಿದ್ರೆ ಒಳ್ಳೆ ಮುತ್ತೇ ಇಲ್ಲ. ಚಿಪ್ಪನ್ನ ತಿನ್ನೋ ಶತ್ರುವೇ ಮುತ್ತಿನ ತಾಯಿಬೇರು!

ಈಗ ದುಡ್ಡಿನ ವಿಷಯಕ್ಕೆ ಬರೋಣ. 1903ರಲ್ಲಿ ಚಿಪ್ಪು ವಾಪಸ್ ಬಂತು. 1905ರಲ್ಲಂತೂ ದಾಖಲೆ. 8 ಕೋಟಿಗೂ ಹೆಚ್ಚು ಚಿಪ್ಪು, ಸರ್ಕಾರಕ್ಕೆ ಸುಮಾರು 25 ಲಕ್ಷ ರೂಪಾಯಿ. ಆ ಕಾಲದ 25 ಲಕ್ಷ. ಆ ಹೊತ್ತಿಗೆ ಹರ್ಡ್‌ಮನ್ ವರದಿಯ ಒಂದೊಂದೇ ಸಂಪುಟ ಹೊರಗೆ ಬರ್ತಾ ಇತ್ತು, 1903ರಿಂದ 1906ರವರೆಗೆ ಒಟ್ಟು ಐದು. ಮರಿ ಚಿಪ್ಪನ್ನ ಒಳ್ಳೆ ಜಾಗಕ್ಕೆ ಸಾಗಿಸಿ ಬೆಳೆಸಬಹುದು, ಕಡಲನ್ನೂ ತೋಟದ ಹಾಗೆ ನೋಡಿಕೊಳ್ಳಬಹುದು ಅನ್ನೋ ಭರವಸೆ ಅದರಲ್ಲಿತ್ತು. ಲಂಡನ್‌ನಲ್ಲಿ ಒಂದು ಕಂಪನಿ ಹುಟ್ಟಿತು, "ಸಿಲೋನ್ ಕಂಪನಿ ಆಫ್ ಪರ್ಲ್ ಫಿಶರ್ಸ್". 1906ರಿಂದ 20 ವರ್ಷ ಗುತ್ತಿಗೆ, ವರ್ಷಕ್ಕೆ 3,10,000 ರೂಪಾಯಿ ಬಾಡಿಗೆ.

ನಾನು ಕ್ಯಾಲ್ಕ್ಯುಲೇಟರ್ ತೆಗೆದೆ. 20 ವರ್ಷದ ಒಟ್ಟು ಬಾಡಿಗೆ 62 ಲಕ್ಷ. 1905ರ ಒಂದೇ ಸೀಸನ್ನಿನ ಆದಾಯದಲ್ಲಿ ಎಂಟು ವರ್ಷದ ಬಾಡಿಗೆ ಕಟ್ಟಬಹುದು. ಕಾಗದದ ಮೇಲೆ ನೋಡಿದ್ರೆ ಇಂಥ ಡೀಲ್ ಯಾರು ಬಿಡ್ತಾರೆ? ಆದ್ರೆ ಕಾಗದದ ಮೇಲೆ ಕಾಣದ್ದು ಆ ಹನ್ನೊಂದು ಸೊನ್ನೆಗಳು. ಒಳ್ಳೆ ವರ್ಷವನ್ನ ಸರಾಸರಿ ವರ್ಷ ಅಂದುಕೊಳ್ಳೋದು ಹೂಡಿಕೆದಾರರ ಹಳೇ ಕಾಯಿಲೆ.

ಕಂಪನಿ ಬರೀ ಹುಳುವನ್ನ ನಂಬಿ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಅವರು ನಂಬಿದ್ದು ವಿಜ್ಞಾನ ಅನ್ನೋ ಒಟ್ಟಾರೆ ಮಾತನ್ನ. ಟಿ. ಸೌತ್‌ವೆಲ್ ಅನ್ನೋ ಯುವ ವಿಜ್ಞಾನಿಯನ್ನ ಸಲಹೆಗಾರರಾಗಿ ಇಟ್ಟುಕೊಂಡ್ರು. ಅವರ ಕೆಲಸಗಳಲ್ಲಿ ಒಂದು, ಈ "ಮುತ್ತಿನ ಹುಳು"ವಿನ ಹಿಂದೆ ಬೀಳೋದು. ಮೀನು ಹಿಡಿದು, ಕರುಳು ಸೀಳಿ, ಹುಳು ಎಣಿಸೋದು.

1906, 1907 ಎರಡು ಸೀಸನ್ ನಡೆಯಿತು. ಅಷ್ಟೇ. ಚಿಪ್ಪು ಮತ್ತೆ ಮಾಯ. ಸತತ ಐದು ವರ್ಷ ಕೋಟಿಗಟ್ಟಲೆ ಬಾಚಿದ್ದೂ ಒಂದು ಕಾರಣ. ಜೊತೆಗೆ ಆ ತೀರದಲ್ಲಿ ಮರಿ ಚಿಪ್ಪಿನ ಗತಿಯೇ ಹಾಗೆ. ಮಾನ್ಸೂನ್ ಅಲೆ ಮರಳು ತಂದು ಹೂತುಹಾಕುತ್ತೆ, ಮೀನು ತಿನ್ನುತ್ತೆ, ಪ್ರವಾಹ ಎಲ್ಲೋ ಒಯ್ಯುತ್ತೆ. ಗುತ್ತಿಗೆಯ ಅರ್ಧ ಅವಧಿಯೂ ಆಗುವ ಮುಂಚೆ ಕಂಪನಿ ಬಾಗಿಲು ಹಾಕಿತು. ಅಲ್ಲಿ ಮತ್ತೆ ಮುತ್ತಿನ ಸೀಸನ್ ನಡೆದದ್ದು 1925ರಲ್ಲಿ. ಮುಳುಗುಗಾರರಿಗೂ, ಅವರನ್ನ ನಂಬಿದ ಸಣ್ಣ ವ್ಯಾಪಾರಿಗಳಿಗೂ ಅಷ್ಟು ವರ್ಷ ಆ ಶಿಬಿರ ಇಲ್ಲ, ಆ ದುಡಿಮೆ ಇಲ್ಲ.

ಮತ್ತೆ ಹುಳು? 1912ರಲ್ಲಿ ಹೆನ್ರಿ ಲಿಸ್ಟರ್ ಜೇಮ್ಸನ್ ಒಂದು ದೊಡ್ಡ ಲೇಖನ ಪ್ರಕಟಿಸಿದ್ರು. ಇವರು ಹುಳು ಸಿದ್ಧಾಂತದ ವಿರೋಧಿ ಅಂದುಕೊಳ್ಳಬೇಡಿ. ಹತ್ತು ವರ್ಷ ಮುಂಚೆ, 1902ರಲ್ಲಿ, ಯುರೋಪಿನ ಮಸೆಲ್ ಚಿಪ್ಪುಗಳಲ್ಲಿ ಬೇರೊಂದು ಹುಳುವಿನಿಂದ ಮುತ್ತು ಹುಟ್ಟೋದನ್ನ ವಿವರಿಸಿದವರೇ ಇವರು. ಅಂಥವರು ಸಿಲೋನ್ ಮುತ್ತುಗಳನ್ನ ತಗೊಂಡು, ಅದರ ಒಡಲಿನಲ್ಲಿ ಏನಿದೆ ಅಂತ ನೋಡಿದ್ರು. ಹುಳು ಇರಬೇಕಾದ ಜಾಗದಲ್ಲಿ ಹುಳುವೇ ಇಲ್ಲ. ಚಿಪ್ಪು ತನ್ನ ಗಾಯ ಮುಚ್ಚೋಕೆ ಸುರಿಸುವಂಥ ವಸ್ತು, ಅದರ ಸುತ್ತ ಪದರಗಳು. ಸಿಲೋನ್ ಮುತ್ತಿಗೆ ಲಾಡಿಹುಳುವೇ ಕಾರಣ ಅನ್ನೋಕೆ ಪುರಾವೆ ಸಾಲದು ಅಂದ್ರು.

ಇನ್ನೊಂದು ಗಂಟೂ ಬಿಚ್ಚಿತು. ಚಿಪ್ಪಿನೊಳಗೆ ರಾಶಿ ರಾಶಿ ಸಿಗ್ತಿದ್ದ ಆ ಗುಂಡು ಮರಿಹುಳುಗಳನ್ನ ಶಿಪ್ಲಿ ಮತ್ತು ಹಾರ್ನೆಲ್ ಆ ನಾಲ್ಕು ಸೊಂಡಿಲಿನ ಹುಳುವಿನ ಎಳೆಯ ರೂಪ ಅಂದುಕೊಂಡಿದ್ರು. ಅವು ಅದರ ಮಕ್ಕಳೇ ಅಲ್ಲ. ಬೇರೆ ಮನೆತನ, "ಟೈಲೋಸೆಫಲಮ್". ಅಂದ್ರೆ ಮುತ್ತು ತಯಾರಕ ಅಂತ ಬಿರುದು ಸಿಕ್ಕಿದ್ದು ಒಬ್ಬನಿಗೆ, ಚಿಪ್ಪಿನಲ್ಲಿ ಗುಂಪುಗುಂಪಾಗಿ ಕೂತಿದ್ದವನು ಇನ್ನೊಬ್ಬ. ಜೇಮ್ಸನ್ ಈ ಇನ್ನೊಬ್ಬನಿಗೆ ಇಟ್ಟ ಹೆಸರು "ಟೈಲೋಸೆಫಲಮ್ ಲೂಡಿಫಿಕನ್ಸ್". ಲ್ಯಾಟಿನ್‌ನಲ್ಲಿ ಅದರ ಅರ್ಥ, ಆಟ ಆಡಿಸುವವನು. ನಮ್ಮ ಭಾಷೇಲಿ ಹೇಳೋದಾದ್ರೆ, ಯಾಮಾರಿಸೋನು.

ಇದನ್ನ ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಯೋಚನೆ ಬಂತು, ಈ ಹೆಸರಿನಲ್ಲೂ ಹುಳುವಿನ ಬಗ್ಗೆ ಏನಿದೆ? ಹುಳು ಯಾರನ್ನೂ ಯಾಮಾರಿಸಲಿಲ್ಲ. ಅದರ ಪಾಡಿಗೆ ಅದು ಚಿಪ್ಪಿನಲ್ಲಿ ಕೂತು ತೊರಕೆಯ ದಾರಿ ಕಾಯ್ತಿತ್ತು. ಯಾಮಾರಿದ್ದು ನಾವು. ಮೇಲಾಗಿ ಇದೂ ಬರೀ ಮರಿಹುಳು ನೋಡಿ ಇಟ್ಟ ಹೆಸರು. ಬೆಳೆದ ಹುಳುವಿನ ಅಂಗಾಂಗ ನೋಡದೇ ಲಾಡಿಹುಳುವಿನ ಗುರುತು ಹೇಳೋದು ಎಷ್ಟು ಕಷ್ಟ ಅಂತ ಈಗಿನವರಿಗೆ ಚೆನ್ನಾಗಿ ಗೊತ್ತು.

"ಹಾಗಾದ್ರೆ ತಪ್ಪು ಹೆಸರನ್ನ ಬದಲಾಯಿಸಬಹುದಲ್ಲ?" ಅಂತ ನೀವು ಕೇಳಬಹುದು. ಇಲ್ಲ. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ನಿಯಮ ಇದೆ. ಅರ್ಥ ಹೊಂದಲ್ಲ ಅನ್ನೋ ಕಾರಣಕ್ಕೆ ಹೆಸರು ತೆಗೆಯೋ ಹಾಗಿಲ್ಲ. ನ್ಯೂ ಗಿನಿಯ ಕಡೆಯ ಒಂದು ಸ್ವರ್ಗದ ಹಕ್ಕಿಗೆ 1758ರಲ್ಲಿ ಲಿನೇಯಸ್ ಇಟ್ಟ ಹೆಸರಿನ ಅರ್ಥ "ಕಾಲಿಲ್ಲದ್ದು". ಯುರೋಪಿಗೆ ಬರ್ತಿದ್ದ ಚರ್ಮಗಳಲ್ಲಿ ಕಾಲು ಕತ್ತರಿಸಿರುತ್ತಿದ್ರು. ಹಕ್ಕಿಗೆ ಎರಡು ಕಾಲು ಚೆನ್ನಾಗೇ ಇವೆ, ಹೆಸರು ಇವತ್ತಿಗೂ ಅದೇ. ಮನೆತನ ಬದಲಾದ್ರೆ ಮೊದಲ ಪದ ಬದಲಾಗಬಹುದು, ಎರಡನೆಯದು ಉಳಿಯುತ್ತೆ. ಹಾಗೇ ಆ ತೊರಕೆಯ ಹುಳು, ಒಂದು ಮುತ್ತನ್ನೂ ಮಾಡಿದ ಪುರಾವೆ ಇಲ್ಲದೇ, ಹೆಸರಿನಲ್ಲಿ ಮುತ್ತು ತಯಾರಕನಾಗಿಯೇ ಉಳಿದಿದೆ.

ಬಿ.ಕಾಂ.ನಲ್ಲಿ ನಮಗೆ ಗುಡ್‌ವಿಲ್ ಅಂತ ಒಂದು ಪಾಠ ಇತ್ತು. ಕಂಪನಿಯ ಕಟ್ಟಡ, ಯಂತ್ರ ಎಲ್ಲ ಮುಟ್ಟಿ ನೋಡಬಹುದಾದ ಆಸ್ತಿ. ಗುಡ್‌ವಿಲ್ ಮುಟ್ಟೋಕೆ ಆಗಲ್ಲ, ಆದ್ರೂ ಪುಸ್ತಕದಲ್ಲಿ ಆಸ್ತಿ ಅಂತ ಬರೀತೀವಿ. ಲೆಕ್ಕಪತ್ರದಲ್ಲಿ ಅದಕ್ಕೊಂದು ಶಿಸ್ತು ಇದೆ. ನಿರೀಕ್ಷೆ ಹುಸಿಯಾದ್ರೆ ಅದರ ಬೆಲೆ ಇಳಿಸಿ ಬರೆಯಲೇಬೇಕು. ಹುಳುವಿನ ಹೆಸರಿಗೆ ಆ ಸೌಲಭ್ಯ ಇಲ್ಲ. ಇಳಿಸಿ ಬರೆಯೋ ಕೆಲಸ ಓದುವವರದ್ದು. ನಾನು ಮೊದಲ ಸಲ ಓದಿದಾಗ ಅದನ್ನ ಮಾಡಲಿಲ್ಲ. ಹೆಸರು ನೋಡಿದೆ, ನಂಬಿದೆ, ಸ್ಕ್ರಿಪ್ಟ್ ಬರೆದೆ.

ಹಾಗಂತ ಶಿಪ್ಲಿ, ಹಾರ್ನೆಲ್, ಹರ್ಡ್‌ಮನ್ ಅವರ ಕೆಲಸ ವ್ಯರ್ಥ ಅಲ್ಲ. 1906ರಲ್ಲಿ ಶಿಪ್ಲಿ ಮತ್ತು ಹಾರ್ನೆಲ್ ಸಿಲೋನ್‌ನ ಸಮುದ್ರ ಮೀನುಗಳ ಹುಳುಗಳ ಬಗ್ಗೆ ಬರೆದ ವರದಿಯನ್ನ ಇವತ್ತಿಗೂ ಸಂಶೋಧಕರು ತೆರೆದು ನೋಡ್ತಾರೆ. ಕಂಪನಿ ಮುಳುಗಿದ ಮೇಲೆ ಸೌತ್‌ವೆಲ್ ಹುಳುಗಳನ್ನ ಬಿಡಲಿಲ್ಲ. 1930ರಲ್ಲಿ ಭಾರತದ ಲಾಡಿಹುಳುಗಳ ಮೇಲೆ ಎರಡು ಸಂಪುಟ ಬರೆದ್ರು. 2005ರಲ್ಲಿ ಅಮೆರಿಕದ ಕರ್ಸ್ಟನ್ ಜೆನ್ಸನ್ ಆ ಟೈಲೋಸೆಫಲಮ್ ಸೇರಿದ ಇಡೀ ಬಳಗವನ್ನ ಮರುಪರಿಶೀಲಿಸಿ ಒಂದು ದೊಡ್ಡ ಗ್ರಂಥ ತಂದ್ರು. ಇವರೆಲ್ಲ ಹಳಬರಿಂದ ತಗೊಂಡದ್ದು ಅಳತೆ, ಚಿತ್ರ, ಯಾವ ಮೀನಿನಲ್ಲಿ ಸಿಕ್ತು ಅನ್ನೋ ಮಾಹಿತಿ. ಬಿಟ್ಟದ್ದು ಮುತ್ತಿನ ಕನಸು.

ಮುತ್ತಿನ ಗುಟ್ಟು ಬಿಚ್ಚಿದ್ದು ಬೇರೆ ಕಡೆ. ಚಿಪ್ಪಿನ ಒಳಮೈಗೆ ಹೊದಿಕೆಯಂಥ ಒಂದು ಚರ್ಮ ಇರುತ್ತೆ. ಹೊಳಪು ಸುರಿಸೋದು ಅದರ ಕೋಶಗಳು. ಗಾಯದಿಂದಲೋ, ಹುಳುವಿನಿಂದಲೋ ಆ ಕೋಶ ಒಂದಿಷ್ಟು ಒಳಮಾಂಸಕ್ಕೆ ಜಾರಿದ್ರೆ, ಅಲ್ಲಿ ಚೀಲದ ಹಾಗೆ ಬೆಳೆದು ಒಳಗೇ ಹೊಳಪು ಸುತ್ತುತ್ತೆ. ಅದೇ ಮುತ್ತು. ಹುಳು ಒಂದು ನೆಪ ಆಗಬಹುದು, ಆಗಲೇಬೇಕು ಅಂತಿಲ್ಲ. ಜಪಾನಿನಲ್ಲಿ ಮಿಕಿಮೊಟೊ 1893ರಲ್ಲಿ ಅರ್ಧಗೋಲದ ಮುತ್ತು ಬೆಳೆಸಿದ್ರು. ಮುಂದೆ ಅಲ್ಲಿನವರೇ ಹೊದಿಕೆಯ ಚೂರನ್ನ ಗುಂಡಿನ ಜೊತೆ ಒಳಗೆ ಕಸಿ ಮಾಡಿ ಪೂರ್ತಿ ದುಂಡು ಮುತ್ತು ತೆಗೆದ್ರು. 1921ರಲ್ಲಿ ಅದು ಲಂಡನ್ ಮಾರುಕಟ್ಟೆಗೆ ಬಂದಾಗ ಮುತ್ತಿನ ವ್ಯಾಪಾರಿಗಳಿಗೆ ನಡುಕ. ಕೊನೆಗೆ ಅದೇ ಮನ್ನಾರ್ ಕೊಲ್ಲಿಯ ಈಚೆ ದಡ, ತೂತುಕುಡಿಯಲ್ಲಿ, 1973ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮದೇ ಚಿಪ್ಪಿನಲ್ಲಿ ಮುತ್ತು ಬೆಳೆಸಿದ್ರು. ತೊರಕೆಯೂ ಬೇಕಾಗಲಿಲ್ಲ, ಹುಳುವೂ ಬೇಕಾಗಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಓಲೆ ಮುಟ್ಟಿ ನೋಡಿಕೊಂಡು ಕೇಳಿದ್ರು, "ಅಂದ್ರೆ ಇದರೊಳಗೆ ಹುಳ ಇದೆಯೋ ಇಲ್ವೋ?" ನಾನಂದೆ, "ಒಡೆದು ನೋಡದೇ ಹೇಳೋಕೆ ಆಗಲ್ಲ ಅಜ್ಜಿ." "ಹಾಗಿದ್ರೆ ಸುಮ್ನಿರು" ಅಂದ್ರು. ಇಡೀ ಕತೆಯಲ್ಲಿ ಅತ್ಯಂತ ವೈಜ್ಞಾನಿಕವಾದ ಮಾತು ಅದೇ ಅನ್ನಿಸ್ತು ನನಗೆ.

ಮಂಗಳೂರಿನ ಆ ಕೇಳುಗರಿಗೆ ಥ್ಯಾಂಕ್ಸ್. ಮರಳಿನ ಕಣದ ಮಾತು ಆ ಹಳೇ ಸಂಚಿಕೆಯಲ್ಲಿ ಹಾಗೇ ಇದೆ, ಅಳಿಸಿಲ್ಲ. ವಿವರಣೆಯಲ್ಲಿ ಮಾತ್ರ "ಇದು ತಪ್ಪು, ಈ ಸಂಚಿಕೆ ಕೇಳಿ" ಅಂತ ಸೇರಿಸಿದ್ದೀನಿ. ನಿಮ್ಮ ಮನೇಲೂ ಮುತ್ತಿನ ಬಗ್ಗೆ ಏನಾದ್ರೂ ನಂಬಿಕೆ, ಕತೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಈ ಸಂಚಿಕೆಯಲ್ಲಿ ತಪ್ಪು ಕಂಡ್ರೆ ಅದನ್ನೂ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.